ಬ್ರೇಕ್ ಫೇಲಾಗಿ ನಿಂತ ಲಾರಿ

ಅಲ್ಲ ಮಾನ್ಯರೇ, ಬ್ರೇಕ್ ಫೇಲಾದರೆ ಲಾರಿ ನಿಲ್ಲುವುದು ಹೇಗೆ?

ಇದನ್ನೇ ನಿಮ್ಮ ವಿಡಿಯೊದ ಕೆಳಗೆ ಕೇಳಿದ್ದೆ. ಅಳಿಸಿದಿರಿ. ಮತ್ತೆ ಕೇಳಿದೆ, ಮತ್ತೆ ಅಳಿಸಿದಿರಿ. ಆಮೇಲೆ ಹೋಗಿ ನೋಡಿದರೆ ಕಾಮೆಂಟಿನ ಬಾಗಿಲನ್ನೇ ಮುಚ್ಚಿದ್ದಿರಿ. ಹಾಗಾಗಿ ಅಲ್ಲಿ ತುಂಡಾದ ಮಾತನ್ನು ಇಲ್ಲಿ, ಎಲ್ಲರೆದುರಿಗೆ, ಗಂಟು ಹಾಕಿ ಮುಂದುವರಿಸುತ್ತಿದ್ದೇನೆ. ನೀವು ಸಾರಿಗೆ ಕಚೇರಿಯ ರಸ್ತೆ ಸುರಕ್ಷತಾ ಅಧಿಕಾರಿ. ಕಳೆದ ತಿಂಗಳು ಸೇತುವೆಯ ಏರಿನಲ್ಲಿ ಕೆಟ್ಟು ನಿಂತ ಲಾರಿಯೊಂದರ ಮುಂದೆ ಮೈಕು ಹಿಡಿದು ನಿಂತು, “ನೋಡಿ, ಚಾಲಕನ ನಿರ್ಲಕ್ಷ್ಯದಿಂದ ಬ್ರೇಕ್ ಫೇಲಾಗಿ ನಿಂತ ಲಾರಿ” ಎಂದು ಊರಿಗೆಲ್ಲ ತೋರಿಸಿದಿರಿ. ಆ ಚಾಲಕ ನನ್ನ ದೊಡ್ಡಪ್ಪ. ಬರುವ ಸೋಮವಾರ ನಿಮ್ಮೆದುರು ವಿಚಾರಣೆಗೆ ಹಾಜರಾಗಿ, “ಹೌದು, ತಪ್ಪು ನನ್ನದೇ” ಎಂದು ಬರೆದುಕೊಟ್ಟು, ಲೈಸೆನ್ಸನ್ನು ನಿಮ್ಮ ಮೇಜಿನ ಮೇಲಿಟ್ಟು ಬರುವುದೆಂದು ಅವರು ತೀರ್ಮಾನಿಸಿದ್ದಾರೆ. ಯಾರೂ ಒತ್ತಾಯಿಸಿಲ್ಲ. ನಾಚಿಕೆಯೊಂದೇ ಅವರನ್ನು ದಬ್ಬುತ್ತಿದೆ. ಅವರು ಅದಕ್ಕೆ ಸಹಿ ಹಾಕುವ ಮೊದಲು ನೀವು ಇದನ್ನು ಓದಬೇಕು ಎನ್ನುವುದಷ್ಟೇ ನನ್ನ ಅವಸರ.

ನನ್ನ ಪರಿಚಯ ಹೇಳಲಿಕ್ಕೂ ಈಗ ಮುಖವಿಲ್ಲ. ನಾನು ನಿಮ್ಮ ಅಭಿಮಾನಿ. ನಮ್ಮದೊಂದು ಚಾಟ್ ಗುಂಪಿದೆ. ಬೇರೆಯವರು ಆಟ, ಸಿನಿಮಾ ಅಂತ ಗುಂಪು ಕಟ್ಟಿಕೊಂಡರೆ ನಾವು ಲಾರಿ, ಬಸ್ಸು, ಟ್ಯಾಂಕರ್ ಅಂತ ಕಟ್ಟಿಕೊಂಡಿದ್ದೇವೆ. ಹಾರ್ನಿನ ಸದ್ದು ಕೇಳಿಯೇ ಗಾಡಿ ಯಾವುದೆಂದು ಪಂಥ ಹಾಕುವ ಜನ ನಾವು. ನಮ್ಮಲ್ಲೊಬ್ಬರು ಹಲ್ಲಿನ ಡಾಕ್ಟರು. ರೋಗಿ ಬಾಯಿ ತೆರೆದು ಕೂತಿರುವಾಗಲೇ ಕಿಟಕಿಯಾಚೆ ಟ್ರೇಲರ್ ಹೋದರೆ, “ಒಂದು ನಿಮಿಷ, ಹಾಗೇ ಇರಿ” ಅಂತ ಎದ್ದು ಹೋಗಿ ನೋಡಿ ಬರುತ್ತಾರಂತೆ. ಆ ಗುಂಪಿನಲ್ಲಿ ಯಾರು ನಿಮ್ಮನ್ನು ಆಡಿಕೊಂಡರೂ ಸೊಂಟಕ್ಕೆ ಸೆರಗು ಸಿಕ್ಕಿಸಿದಂತೆ ಜಗಳಕ್ಕಿಳಿಯುತ್ತಿದ್ದವಳು ನಾನು. “ಬಂದ್ಳು ನೋಡ್ರಪ್ಪ, ಇಲಾಖೆಯ ಸೊಸೆ” ಅನ್ನುತ್ತಿದ್ದರು. ಆ ಹೆಸರು ನನಗೆ ಇಷ್ಟವೂ ಆಗಿತ್ತು. ನಿಜ ಹೇಳಬೇಕೆಂದರೆ, ಬಿರುದು ಸಿಕ್ಕಂತಾಗಿತ್ತು.

ಏಕೆಂದರೆ ನನಗೆ ಏರ್ ಬ್ರೇಕ್ ಕಲಿಸಿದ ಗುರು ನೀವೇ. ನಿಮ್ಮ ಆ ಹಳೆಯ ವಿಡಿಯೊ ನೆನಪಿದೆಯೇ? ಸೈಕಲ್ ಪಂಪು, ನೀರಿನ ಬಾಟಲಿ, ಹಾಸಿಗೆಯಿಂದ ಕಿತ್ತ ಸ್ಪ್ರಿಂಗು ಇಟ್ಟುಕೊಂಡು ಪಾಠ ಮಾಡಿದ್ದಿರಿ. ಕಾರಿನ ಬ್ರೇಕಿಗೆ ಎಣ್ಣೆ, ಲಾರಿಯ ಬ್ರೇಕಿಗೆ ಗಾಳಿ ಅಂದಿರಿ. ಇಂಜಿನ್ ತಿರುಗುವಾಗ ಅದರ ಜೊತೆಗೇ ಒಂದು ಕಂಪ್ರೆಸರ್ ತಿರುಗಿ ಗಾಳಿಯನ್ನು ಅದುಮಿ ಕೆಳಗಿನ ಟ್ಯಾಂಕುಗಳಲ್ಲಿ ತುಂಬುತ್ತದೆ. ಚಾಲಕ ಪೆಡಲ್ ಒತ್ತಿದರೆ ಆ ಗಾಳಿ ಪೈಪಿನಲ್ಲಿ ಓಡಿ, ಪ್ರತಿ ಚಕ್ರದ ಹತ್ತಿರವಿರುವ ಒಂದು ಗುಂಡು ಡಬ್ಬಿಗೆ ನುಗ್ಗಿ, ಒಂದು ಸಲಾಕೆಯನ್ನು ತಳ್ಳುತ್ತದೆ. ಸಲಾಕೆ ತಳ್ಳಿದರೆ ಒಳಗಿನ ಬ್ರೇಕ್ ಪಟ್ಟಿಗಳು ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಕಾಲು ತೆಗೆದರೆ ಗಾಳಿ ಉಸ್ಸೆಂದು ಹೊರಗೆ. ದೊಡ್ಡ ಗಾಡಿಗಳು ನಿಂತಾಗ ನಿಟ್ಟುಸಿರು ಬಿಡುವುದು ಅದಕ್ಕೇ.

ಆಮೇಲೆ ನೀವೇ ಕೇಳಿದಿರಿ, “ಸರಿ, ದಾರಿಯಲ್ಲಿ ಗಾಳಿಯೆಲ್ಲ ಸೋರಿಹೋದ್ರೆ?” ಕೇಳಿ, ಒಂದು ನಗು ನಕ್ಕು, ಆ ಹಾಸಿಗೆಯ ಸ್ಪ್ರಿಂಗನ್ನು ಅಂಗೈಯಲ್ಲಿ ಅದುಮಿ ಹಿಡಿದಿರಿ. ಹಿಂದಿನ ಚಕ್ರಗಳ ಡಬ್ಬಿಯಲ್ಲಿ ಇನ್ನೊಂದು ಕೋಣೆ ಇದೆ, ಅದರೊಳಗೆ ರಾಕ್ಷಸನಂಥ ಸ್ಪ್ರಿಂಗ್ ಇದೆ, ಅದನ್ನು ಅದುಮಿ ಕೂರಿಸಿರುವುದೇ ಗಾಳಿ ಅಂದಿರಿ. ಗಾಳಿ ಹೋಯಿತೋ, ಸ್ಪ್ರಿಂಗ್ ಬಿಚ್ಚಿಕೊಂಡು ತಾನೇ ಚಕ್ರ ಹಿಡಿಯುತ್ತದೆ. ಅಂಗೈ ಬಿಟ್ಟಿರಿ, ಸ್ಪ್ರಿಂಗು ಹಾರಿ ನಿಮ್ಮ ಮೂಗಿಗೇ ಬಡಿಯಿತು. ನಮ್ಮ ಗುಂಪು ಅದನ್ನೂ ಸ್ಟಿಕ್ಕರ್ ಮಾಡಿತು. ಆದರೆ ಕೊನೆಗೆ ನೀವು ಹೇಳಿದ ಮಾತನ್ನು ನಾನು ಬಹಳ ದಿನ ಸ್ಟೇಟಸ್ ಹಾಕಿಕೊಂಡಿದ್ದೆ: “ಲಾರಿ ಅನ್ನೋದು ನಿಂತಿರೋ ಪ್ರಾಣಿ. ಓಡೋಕೆ ಅಪ್ಪಣೆ ಕೊಡೋದು ಗಾಳಿ.”

ಇಷ್ಟು ಚೆನ್ನಾಗಿ ಹೇಳಿಕೊಟ್ಟ ಬಾಯಿಯೇ ಸೇತುವೆಯ ಮೇಲೆ ನಿಂತು ಗಾಳಿಮಾತಾಡಿತಲ್ಲ, ಅದು ಹೇಗೆ ಮಾನ್ಯರೇ?

ಆವತ್ತು ನಡೆದದ್ದು ಇಷ್ಟು. ದೊಡ್ಡಪ್ಪ ನೆಲದ ಕಲ್ಲುಹಾಸು ತುಂಬಿಕೊಂಡು ಸೇತುವೆ ಹತ್ತುತ್ತಿದ್ದರು. ಸೇತುವೆಯ ಜೋಡಣೆಯಲ್ಲಿ ಎದ್ದು ನಿಂತಿದ್ದ ಕಬ್ಬಿಣದ ಪಟ್ಟಿ ಅಡಿಯ ಗಾಳಿ ಪೈಪನ್ನು ಹರಿದುಹಾಕಿತು. (ಆ ಪಟ್ಟಿ ಬೇರೆ ಇಲಾಖೆಗೆ ಸೇರಿದ್ದು ಅನ್ನುತ್ತೀರಿ, ಗೊತ್ತು.) ಎಚ್ಚರಿಕೆಯ ಬಜರ್ ಕೂಗಿಕೊಂಡಿತು, ಗಾಳಿಯ ಮಾಪಕದ ಮುಳ್ಳು ಇಳಿಯಿತು, ದೊಡ್ಡಪ್ಪ ಆದಷ್ಟು ಎಡಕ್ಕೆ ತಂದರು, ಹಿಂದಿನ ಚಕ್ರಗಳು ಹಿಡಿದುಕೊಂಡವು, ಗಾಡಿ ನಿಂತಿತು. ಹಿಂದೆ ಜನ ತುಂಬಿದ ಬಸ್ಸಿತ್ತು. ಅದರ ಬಂಪರಿಗೂ ಒಂದು ಗೀರು ಬೀಳಲಿಲ್ಲ. ದೊಡ್ಡಪ್ಪ ಇಳಿದು ಎರಡು ದಪ್ಪ ಕಲ್ಲು ಹುಡುಕಿ ಹಿಂದಿನ ಚಕ್ರಗಳ ಹಿಂದೆ, ಒಂದು ಗೇಣು ಬಿಟ್ಟು, ಅಡ್ಡ ಇಟ್ಟರು. ಆಮೇಲೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದರು, ನೀವು ಬಂದದ್ದು ಅವರು ಹೋದ ಮೇಲೆ. ಆವತ್ತು ಮನೆಗೆ ಬಂದವರೇ ಬೂಟು ಬಿಚ್ಚುವ ಮೊದಲು ಹೇಳಿದ ಮಾತು, “ಏನ್ ಕಚ್ಚಿ ಹಿಡೀತು ಅಂತೀಯ ಕಣೆ, ಹಲ್ಲು ಕಚ್ಚಿದ ಹಾಗೆ. ಬಸ್ಸಲ್ಲಿದ್ದೋರಿಗೆ ಏನಾಯ್ತು ಅಂತಾನೂ ಗೊತ್ತಾಗಿಲ್ಲ.” ಮುಖದಲ್ಲಿ ನಗುವಿತ್ತು. ಆ ನಗು ನಿಮ್ಮ ವಿಡಿಯೊ ಬರುವವರೆಗೆ ಇತ್ತು.

ಈಗ ನನ್ನ ನಾಚಿಕೆಯ ಮಾತಿಗೆ ಬರುತ್ತೇನೆ. ದೊಡ್ಡಪ್ಪನ ಫೋನಿಗೆ ನಿಮ್ಮ ಚಾನೆಲ್ ಹಾಕಿಕೊಟ್ಟವಳು ನಾನು. “ನೋಡು ದೊಡ್ಡಪ್ಪ, ಎಷ್ಟು ಚೆನ್ನಾಗಿ ಹೇಳ್ತಾರೆ” ಅಂತ ಗಂಟೆಯ ಗುರುತನ್ನೂ ಒತ್ತಿ ಕೊಟ್ಟಿದ್ದೆ. ನಾವೆಲ್ಲ ಒಂದೇ ಮನೆಯವರು, ಊಟಕ್ಕೆ ಒಟ್ಟಿಗೆ ಕೂರುತ್ತೇವೆ. ಆ ದಿನ ಊಟದ ನಡುವೆ ಅವರ ಫೋನು ಟಣ್ ಅಂದಿತು. ಎಡಗೈಯಲ್ಲಿ ಎತ್ತಿ, ಕನ್ನಡಕ ಏರಿಸಿ ನೋಡಿದರು. ಮೊದಲು ಖುಷಿಯೇ ಪಟ್ಟರು.

“ನಮ್ಮ ಸೇತುವೆ ಕಣೇ ಇದು. ನಿಮ್ಮೋರು ಬಂದಿದ್ದಾರೆ ನೋಡು.”

ಆಮೇಲೆ ಲಾರಿ ಕಂಡಿತು. ಆಮೇಲೆ, ಬಸ್ಸಿನವರು ಯಾರೋ ತೆಗೆದ ತುಣುಕಿನಲ್ಲಿ, ಬಗ್ಗಿ ಕಲ್ಲಿಡುತ್ತಿರುವ ಮನುಷ್ಯ ಕಂಡರು. ಮುಖವನ್ನು ಮಸುಕು ಮಾಡಿದ್ದಿರಿ. ಆದರೆ ತಲೆಯ ಮೇಲೆ ಹಳೆಯ ಹೊದಿಕೆಯ ಹೂವಿನ ಬಟ್ಟೆಯಲ್ಲಿ ದೊಡ್ಡಮ್ಮ ಹೊಲಿದ ಟೋಪಿ ಹಾಗೇ ಇತ್ತು. ಹಿಂದೆ ಕೋಡಂಗಿ ಸಂಗೀತ. ಕೆಳಗೆ ಅಕ್ಷರ: “ಕಲ್ಲಿಟ್ಟು ಲಾರಿ ನಿಲ್ಲಿಸುವ ಮಹಾನುಭಾವರು.” ದೊಡ್ಡಪ್ಪ ಪೂರ್ತಿ ನೋಡಿದರು. ಕೊನೆಯಲ್ಲಿ ನೀವು “ಇಷ್ಟವಾದರೆ ಹಂಚಿಕೊಳ್ಳಿ” ಅನ್ನುವವರೆಗೂ ನೋಡಿದರು.

“ಮುಖ ಮುಚ್ಚಿದ್ದಾರಲ್ಲ, ಯಾರಿಗೂ ಗೊತ್ತಾಗಲ್ಲ ಬಿಡಿ” ಅಂದರು ದೊಡ್ಡಮ್ಮ.

“ಮುಖ ಮುಚ್ಚೋದು ಕಳ್ಳನಿಗೆ ಕಣೆ” ಅಂದು, ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಅವರು ಫೋನನ್ನು ನನ್ನ ಪಕ್ಕದಲ್ಲೇ ಇಟ್ಟು ಹೋಗಿದ್ದರು. ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಈಗ ಅವರು ಕೆಲಸಕ್ಕೆ ಹೋಗುತ್ತಿಲ್ಲ. ಅಂಗಡಿಗೆ ಹಿಂದಿನ ಗಲ್ಲಿಯಿಂದ ಹೋಗಿ ಬರುತ್ತಾರೆ. ಮುಂದಿನ ಬೀದಿಯ ಹುಡುಗರು “ಕಲ್ಲುಬ್ರೇಕ್” ಅಂತ ಕೂಗುತ್ತಾರೆ. ದೊಡ್ಡಮ್ಮ ಆ ಟೋಪಿಯನ್ನು ಒಗೆದು, ಒಣಗಿಸಿ, ಮಡಚಿ, ಎಲ್ಲಿಟ್ಟರೋ ಹೇಳುತ್ತಿಲ್ಲ.

ಇದಕ್ಕಿಂತ ಹೆಚ್ಚು ನಾಚಿಕೆಯ ಸಂಗತಿ ಇನ್ನೊಂದಿದೆ. ದೊಡ್ಡಪ್ಪ ನಿಮ್ಮನ್ನು ನಂಬಿಬಿಟ್ಟಿದ್ದಾರೆ. ಮೊನ್ನೆ ನಾನು ಪಕ್ಕದಲ್ಲಿ ಕೂತು ವಾದ ಮಾಡಿದೆ.

“ದೊಡ್ಡಪ್ಪ, ನಿನ್ನ ಬ್ರೇಕ್ ಫೇಲ್ ಆಗಿಲ್ಲ.”

“ಪೆಡಲ್ ಒತ್ತಿದೆ ಕಣೆ. ಹತ್ತಿ ಮೇಲೆ ಕಾಲಿಟ್ಟ ಹಾಗಾಯ್ತು. ಅದಕ್ಕೆ ಇನ್ನೇನಂತಾರೆ?”

“ಅದು ಪೆಡಲ್ಲು. ಹಿಂದೆ ಸ್ಪ್ರಿಂಗ್ ಹಿಡೀತಲ್ಲ?”

“ಸ್ಪ್ರಿಂಗ್ ಹಿಡಿದಿದ್ದು ಸ್ಪ್ರಿಂಗಿನ ಪುಣ್ಯ. ನಂದೇನಿದೆ ಅದ್ರಲ್ಲಿ?”

“ಆವತ್ತು ಬಂದು ನೀನೇ ಹೇಳಿದ್ಯಲ್ಲ, ಕಚ್ಚಿ ಹಿಡೀತು ಅಂತ?”

“ಆವತ್ತು ನನಗೇನು ಗೊತ್ತಿತ್ತು? ಅಷ್ಟು ಓದಿದೋರು, ಇಲಾಖೆಯೋರೇ ಫೇಲು ಅಂದ್ಮೇಲೆ ಫೇಲೇ. ನೀನೇ ತಾನೇ ಅವ್ರು ಸುಳ್ಳು ಹೇಳಲ್ಲ ಅಂತಿದ್ದೋಳು?”

ನಿಮ್ಮ ಪರವಾಗಿ ಎಷ್ಟೋ ಜಗಳ ಗೆದ್ದಿದ್ದೇನೆ. ಅವರೆದುರು ನನ್ನ ಗೆಲುವೇ ನನ್ನ ಬಾಯಿ ಮುಚ್ಚಿಸಿತು.

ಪೆಡಲ್ ಸತ್ತದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಾಲಿನ ಬ್ರೇಕಿಗೆ ಗಾಳಿ ಬೇಕು, ಗಾಳಿ ಇರಲಿಲ್ಲ. ಘಾಟಿ ಇಳಿಯುವಾಗ ಬ್ರೇಕ್ ಪಟ್ಟಿಗಳು ಕಾದು ಹಿಡಿತ ಬಿಟ್ಟು, ಹೊಗೆಯೆಬ್ಬಿಸಿಕೊಂಡು ಓಡುವ ಗಾಡಿಗಳೂ ಇವೆ. ಅದನ್ನು ಬ್ರೇಕ್ ಫೇಲ್ ಅನ್ನಿ, ನಾನೂ ಅನ್ನುತ್ತೇನೆ. ಆದರೆ ಗಾಳಿ ಹೋದ ಕೂಡಲೇ ಹಿಡಿದುಕೊಳ್ಳಲಿ ಎಂದೇ ಕೂರಿಸಿದ ಬ್ರೇಕು ಸರಿಯಾದ ಹೊತ್ತಿಗೆ ಹಿಡಿದುಕೊಂಡರೆ ಅದನ್ನು ಫೇಲ್ ಅನ್ನುವುದು ಯಾವ ಶಾಲೆಯ ಲೆಕ್ಕ? ಬಾಗಿಲಿಗೆ ಬೀಗ ಬಿದ್ದದ್ದನ್ನು ನೋಡಿ “ಬೀಗ ಕೆಟ್ಟಿದೆ, ಬಾಗಿಲು ತೆರೆಯುತ್ತಿಲ್ಲ” ಅಂದಹಾಗಾಯಿತು. ಫೇಲಾದ ವಿದ್ಯಾರ್ಥಿಯನ್ನು ಪಾಸು ಮಾಡುವ ಮೇಷ್ಟ್ರುಗಳ ಕಥೆ ಕೇಳಿದ್ದೆ. ಪಾಸಾದ ಬ್ರೇಕನ್ನು ಫೇಲ್ ಮಾಡಿದವರು ನೀವೊಬ್ಬರೇ.

ಇದು ನನ್ನ ತರ್ಕ ಮಾತ್ರವಲ್ಲ. ನಮ್ಮ ಹಲ್ಲಿನ ಡಾಕ್ಟರು ಆ ಹೊತ್ತಿಗೆ ಸೇತುವೆಯ ಮೇಲೇ ಸಿಕ್ಕಿಹಾಕಿಕೊಂಡಿದ್ದರು. ಲಾರಿ ಕಂಡರೆ ಅವರು ಬಿಡುತ್ತಾರೆಯೇ? ಎಲ್ಲವನ್ನೂ ಚಿತ್ರೀಕರಿಸಿದ್ದಾರೆ. ನೀವು ಕತ್ತರಿಸಿದ ಭಾಗ ಅವರ ಹತ್ತಿರ ಇದೆ. ಹಿಂದಿನ ಬಸ್ಸನ್ನು ಸರಿಸಿಯಾಗಿದೆ. ನಿಮ್ಮ ದನಿ ಸ್ಪಷ್ಟವಾಗಿ ಕೇಳುತ್ತದೆ: “ಬ್ರೇಕೇ ಇಲ್ಲ ಅಂದ್ಮೇಲೆ ಇನ್ನೂ ಸುಲಭ ಅಲ್ವೇನ್ರಿ. ತಳ್ಳಿ, ಇಳಿಜಾರು ಕಡೆಗೇ ತಳ್ಳಿ.” ನಿಮ್ಮ ಸಿಬ್ಬಂದಿ, ದಾರಿಹೋಕರು, ಎಲ್ಲರೂ ಸೇರಿ ಮುಂದಿನಿಂದ ತಳ್ಳುತ್ತಾರೆ. ಒಬ್ಬರ ಚಪ್ಪಲಿ ಕಿತ್ತುಹೋಗುತ್ತದೆ. ಇನ್ನೊಬ್ಬರು, “ಸಾರ್, ಇದು ನಮ್ಮ ಅತ್ತೆ ಥರ, ಕೂತ ಜಾಗ ಬಿಟ್ಟು ಏಳ್ತಿಲ್ಲ” ಅನ್ನುತ್ತಾರೆ. ನೀವು, “ಲೋಡ್ ಜಾಸ್ತಿ ಇರ್ಬೇಕು, ಇನ್ನೂ ನಾಲ್ಕು ಜನ ಬನ್ನಿ” ಅನ್ನುತ್ತೀರಿ. ಬ್ರೇಕಿಲ್ಲದ ಲಾರಿ, ಅಷ್ಟು ಭಾರ ಹೊತ್ತು ಏರಿನಲ್ಲಿ ನಿಂತಿದೆ, ಹಿಂದಿನ ಕಲ್ಲಿಗೆ ಇನ್ನೂ ಒಂದು ಗೇಣು ಜಾಗವಿದೆ, ಇಳಿಜಾರಿಗೇ ತಳ್ಳಿದರೂ ಕೂದಲೆಳೆಯಷ್ಟು ಕದಲುವುದಿಲ್ಲ. ಆ ಕ್ಷಣದಲ್ಲಿ ನಿಮಗೆ ನಿಮ್ಮದೇ ಸ್ಪ್ರಿಂಗು, ನಿಮ್ಮದೇ ಮೂಗು ನೆನಪಾಗಲಿಲ್ಲವೇ?

ಆ ಚಿತ್ರದ ಕೊನೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನೀವು ಕರೆಸಿದ ಎಳೆದೊಯ್ಯುವ ಗಾಡಿಯವರು ಬಂದು, ಹಿಂದಿನ ಡಬ್ಬಿಗಳಿಗೆ ಬೋಲ್ಟು ಹಾಕಿ ತಿರುವಿ, ಸ್ಪ್ರಿಂಗುಗಳನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರೆ. ಹಾಗೆ ಮಾಡದೆ ಚಕ್ರ ಬಿಡುವುದಿಲ್ಲ. ಅಂದರೆ ಆ ಲಾರಿಗೆ ನಿಜವಾಗಿ ಬ್ರೇಕಿಲ್ಲದಂತಾದದ್ದು ಆಗ, ನಿಮ್ಮವರ ಕೈಯಿಂದ, ಅದೂ ಎಳೆಯುವ ಗಾಡಿಯ ಕೊಂಡಿ ಬಿಗಿಯಾಗುವ ಮೊದಲು. ಲಾರಿ ಒಂದು ಗೇಣು ಹಿಂದಕ್ಕೆ ಜಾರಿ, ಕಟಕ್ ಅಂತ ನಿಂತಿತು. ಯಾವುದರ ಮೇಲೆ ನಿಂತಿತು ಅಂತ ನಿಮಗೂ ಗೊತ್ತು. ನೀವು ಕೋಡಂಗಿ ಸಂಗೀತ ಹಾಕಿದ ಆ ಎರಡು ಕಲ್ಲುಗಳ ಮೇಲೆ. ಜಾರಿದ ಲಾರಿಯ ಹಿಂದೆ ಮೈಕು ಹಿಡಿದು ನಿಂತಿದ್ದವರು ಯಾರು ಎನ್ನುವುದೂ ಚಿತ್ರದಲ್ಲಿ ಇದೆ. ನಿಮ್ಮ ಮುಖವನ್ನು ಮಸುಕು ಮಾಡಬೇಕೆಂದು ಗುಂಪಿನವರಿಗೆ ಹೇಳಿದ್ದೇನೆ. ಸೊಸೆಯಾಗಿ ಅಷ್ಟು ಮರ್ಯಾದೆ ಉಳಿಸುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಕ್ಷಮಾಪಣೆ ಕೇಳಿ ಅನ್ನುವುದಿಲ್ಲ, ಅದನ್ನು ದೊಡ್ಡಪ್ಪ ತೆಗೆದುಕೊಳ್ಳಲಾರರು, ಎದ್ದು ನಿಂತು ನಿಮಗೇ ಕುರ್ಚಿ ಕೊಟ್ಟುಬಿಡುತ್ತಾರೆ. ಆ ವಿಡಿಯೊ ತೆಗೆದುಹಾಕಿ. ಸೋಮವಾರ ಅವರು ನಿಮ್ಮೆದುರು ನಿಂತು “ಫೇಲಾಯ್ತು ಸಾರ್” ಅಂದಾಗ, “ಇಲ್ಲ, ಹಿಡಿಯಿತು” ಅಂತ ನೀವು ಹೇಳಿ. ಅದನ್ನು ನಾನು ಹೇಳಿದರೆ ಅವರು ನಂಬುವುದಿಲ್ಲ. ನಂಬಿಕೆಯನ್ನೆಲ್ಲ ನಿಮ್ಮ ಹೆಸರಿಗೆ ಬರೆದುಕೊಟ್ಟವಳು ನಾನೇ ಅಲ್ಲವೇ? ಮತ್ತೆ ಅದೇ ಚಾನೆಲಿನಲ್ಲಿ, ಅದೇ ಪಂಪು, ಅದೇ ಬಾಟಲಿ ಇಟ್ಟುಕೊಂಡು ಆ ಹಳೆಯ ಪಾಠವನ್ನು ಇನ್ನೊಮ್ಮೆ ಮಾಡಿ. ಈ ಸಲ ಕಲ್ಲಿನ ವಿಷಯವನ್ನೂ ಸೇರಿಸಿ. ದೊಡ್ಡಪ್ಪನ ಫೋನಿನಲ್ಲಿ ಗಂಟೆಯ ಗುರುತನ್ನು ನಾನಿನ್ನೂ ತೆಗೆದಿಲ್ಲ.

ಲಾರಿ ಈಗ ಗ್ಯಾರೇಜಿನ ಅಂಗಳದಲ್ಲಿದೆ. ಬೋಲ್ಟು ಬಿಚ್ಚಿ ಸ್ಪ್ರಿಂಗುಗಳನ್ನು ಮೊದಲಿನಂತೆ ಬಿಟ್ಟಿದ್ದಾರೆ. ಪೈಪು ಇನ್ನೂ ಬಂದಿಲ್ಲ, ಟ್ಯಾಂಕಿನಲ್ಲಿ ಒಂದು ಉಸಿರಿನಷ್ಟೂ ಗಾಳಿಯಿಲ್ಲ. ಕಲ್ಲುಗಳನ್ನು ತೆಗೆದಿಡುತ್ತೇನೆ. ಸೀಟಿನಲ್ಲಿ ಯಾರೂ ಇರುವುದಿಲ್ಲ. ನಿಮ್ಮ ಸಿಬ್ಬಂದಿಯನ್ನೆಲ್ಲ ಕರೆತನ್ನಿ, ಕ್ಯಾಮೆರಾ ಕೂಡ ತನ್ನಿ. ಅದು ಕೂದಲೆಳೆಯಷ್ಟು ಕದಲಿದರೆ ಈ ಪತ್ರವನ್ನು ಅಲ್ಲೇ ಹರಿದು, ದೊಡ್ಡಪ್ಪನ ಲೈಸೆನ್ಸನ್ನು ನಾನೇ ನಿಮ್ಮ ಕೈಗಿಡುತ್ತೇನೆ.

ಇಂತಿ,
ತವರಿಗೆ ತಲೆ ತಗ್ಗಿಸಿ ಬಂದಿರುವ
ಇಲಾಖೆಯ ಸೊಸೆ

ತಳ್ಳಲು ಬರುತ್ತೀರಾ ಮಾನ್ಯರೇ, ಅಥವಾ ಇದನ್ನೂ ಅಳಿಸುತ್ತೀರಾ?