ಬೋಟಿನ ಕೀ

29 ಅಕ್ಟೋಬರ್ 2025, ಬುಧವಾರ. ಬೆಳಿಗ್ಗೆ 5.45

ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು. ಇನ್ನು ಶಾಲೆ, ಸೀಟಿ, ಮೈದಾನ ನಾಲ್ಕು ಸುತ್ತು. ಪಿ.ಟಿ. ಟೀಚರ್‌ಗೆ ನಲವತ್ತೇಳು ವಯಸ್ಸು ಜಾಸ್ತಿಯೇ ಆಯಿತು.

ನಿನ್ನೆ ಸಂಜೆ ಗೌರೀಶಣ್ಣ ಮೇಲೆ ಬಂದ. ಮಗಳು ಯಶಶ್ರೀಯ ಪ್ರೀ-ವೆಡ್ಡಿಂಗ್ ವಿಡಿಯೊ. ಅವಳು ನೀರಿನ ಮೇಲೆ ಸ್ಕೀ ಮಾಡಿಕೊಂಡು ಬರಬೇಕಂತೆ, ಹಿಂದೆ ಸೂರ್ಯ ಮುಳುಗಬೇಕಂತೆ. ಎಳೆಯುವುದು ಅಣ್ಣ ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಕ್ರೂಸರ್ ಬೋಟು. ಎರಡು ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್... ಅವನ ಹತ್ತಿರ ಸೈಟು ಕೊಳ್ಳುವವರಿಗೆ ಹಿನ್ನೀರಿನಲ್ಲಿ ಬಿರಿಯಾನಿ ತಿನ್ನಿಸಲು ತಂದದ್ದು.

"ಅಣ್ಣ, ಅದು ಸ್ಕೀ ಎಳೆಯೋ ಬೋಟಲ್ಲ," ಅಂದೆ.

"ಎಮ್ಮೆ ಕಟ್ಟಿದ್ರೂ ಎಳಿಯತ್ತೆ ಮಾಧವಿ. ಎನ್‌ಸಿಸಿಲಿ ನೀನು ಮಾಡ್ತಿರ್ಲಿಲ್ವಾ? ಅವಳಿಗೂ ಕಲ್ಸು."

ಒಲ್ಲೆ ಅನ್ನಲಿಲ್ಲ. ಗಂಡನ ಮನೆ ಬಿಟ್ಟು ಬಂದಾಗ ಚಾಮರಾಜಪೇಟೆಯ ಈ ಮಹಡಿಯ ಕೀ ಕೈಗಿಟ್ಟವನು ಅಣ್ಣ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವನಿಗೆ ಒಲ್ಲೆ ಅಂದಿಲ್ಲ.

2 ನವೆಂಬರ್, ಭಾನುವಾರ. ಸಂಜೆ 7

ಟ್ರಯಲ್ ಆಯಿತು. ಮೈಯೆಲ್ಲ ನೋವು.

ಕ್ರೂಸರ್ ಮೂತಿ ಎತ್ತಿಕೊಂಡು ಗುರುಗುಡುತ್ತದೆ, ವೇಗ ಮಾತ್ರ ಬರುವುದಿಲ್ಲ. ಹಿಂದೆ ಏಳುವ ಅಲೆ ಸೊಂಟದೆತ್ತರ. ಮೊದಲು ನಾನು ಇಳಿದೆ, ಐದು ಸಲ ಬಿದ್ದೆ. ಯಶಶ್ರೀ ಆರನೆಯ ಸಲಕ್ಕೆ ಎದ್ದು ನಿಂತಳು. ಗಟ್ಟಿಗಿತ್ತಿ.

ಓಡಿಸುವವನ ಸೀಟಿನಿಂದ ಹಿಂದಿನ ನೀರು ಕಾಣುವುದೇ ಇಲ್ಲ. ನಾನು ಹಿಂದಕ್ಕೆ ತಿರುಗಿ ಕೂತು ಕೂಗಿ ಹೇಳಬೇಕು. ಅಣ್ಣನಿಗೆ ಒಂದೇ ಮಾತು ಮೂರು ಸಲ ಹೇಳಿದೆ — ಬಿದ್ದವರ ಹತ್ತಿರ ಬಂದಾಗ ಎಂಜಿನ್ ಆಫ್. ಪ್ರೊಪೆಲರ್‌ಗೆ ಯಾರ ಕಾಲಾದರೂ ಒಂದೇ.

"ಆಯ್ತಮ್ಮ ಟೀಚರ್," ಅಂದ.

5 ನವೆಂಬರ್, ಬುಧವಾರ

ಅಮ್ಮನ ಆಜ್ಞೆಯಂತೆ ಗಾಂಧಿ ಬಜಾರಿನಲ್ಲಿ ಬೋಟಿನ ಪೂಜೆಗೆ ಹಾರ, ನಿಂಬೆಹಣ್ಣು ಹೇಳಿಬಂದೆ.

ಹೊಸ ತಲೆನೋವು. ವಿಡಿಯೊ ತೆಗೆಯುವ ಸುಮನ್‌ಗೆ ಐದೂವರೆಯ ಬಿಸಿಲು ಬೇಕು. ಶೂಟ್ ಇರುವ ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಅಮ್ಮನೇ ದಾರಿ ಹುಡುಕಿದಳು. "ನಾಲ್ಕೂಕಾಲಿಗೇ ಇಂಜಿನ್ ಹಾಕ್ಬಿಡಿ. ಮುಂಚೇನೇ ಶುರು ಮಾಡಿದ್ರೆ ದೋಷ ಇಲ್ಲ." ಎಲ್ಲರಿಗೂ ಸಮಾಧಾನ. ನನಗೂ ನಗು ಬಂತು.

9 ನವೆಂಬರ್, ಭಾನುವಾರ. ರಾತ್ರಿ 8

ಈಗ ಬಂದೆವು.

ಯಶಶ್ರೀ ಚೆನ್ನಾಗಿಯೇ ಬಂದಳು. ಕೇಸರಿ ನೀರು, ಸುಮನ್‌ನ ಡ್ರೋನ್, ಅಮ್ಮನ ಚಪ್ಪಾಳೆ. ತಿರುವಿನಲ್ಲಿ ಅಲೆ ಹೊಡೆದು ಬಿದ್ದಳು. "ಬಿದ್ಲು!" ಅಂತ ಕೂಗಿದೆ. ಅಣ್ಣ ಅವಳ ಕಡೆಗೆ ರಿವರ್ಸ್ ತೆಗೆದ.

"ಆಫ್ ಮಾಡಣ್ಣ!"

"ರಾಹುಕಾಲ ಕಣೋ ಗೌರೀಶ, ಆಫ್ ಮಾಡ್ಬೇಡ! ಮತ್ತೆ ಹಾಕೋ ಹಾಗಿಲ್ಲ!" ಅಮ್ಮ.

"ನಿಧಾನಕ್ಕೇ ಹೋಗ್ತಿದೀನಲ್ಲ," ಅಂದ ಅಣ್ಣ.

ಸಡಿಲವಾದ ಹಗ್ಗ ಬೋಟಿನ ಅಡಿಗೆ ಸರಿಯುತ್ತಿತ್ತು. ಅದರ ಒಂದು ಸುತ್ತು ಅವಳ ಕಾಲಿಗೆ ಸಿಕ್ಕಿಕೊಂಡಿತ್ತು. ಮೊದಲು ನಗುತ್ತಿದ್ದಳು. ಆಮೇಲೆ ಹಗ್ಗ ಎಳೆಯತೊಡಗಿತು. "ಅತ್ತೇ—" ಎಂಜಿನ್ ಸದ್ದಿನಲ್ಲಿ ಅದು ಕೇಳಿಸಿದ್ದು ನನಗೆ ಮಾತ್ರ.

ಓಡಿ ಅಣ್ಣನ ಮೇಲೆ ಬಿದ್ದು ಕೀ ಕಿತ್ತುಕೊಂಡೆ.

ಹಗ್ಗ ಪ್ರೊಪೆಲರ್‌ಗೆ ಏಳು ಸುತ್ತು. ಅದಕ್ಕೂ ಅವಳ ಪಾದಕ್ಕೂ ನಡುವೆ ಉಳಿದದ್ದು ಒಂದು ಮಾರು. ನೀರಿಗೆ ಧುಮುಕಿ ಬಿಡಿಸಿದೆ. ಕಾಲಿನ ಸುತ್ತ ಕೆಂಪು ಬರೆ. "ಅಪ್ಪಂಗೆ ಹೇಳ್ಬೇಡಿ ಅತ್ತೆ," ಅಂದಳು. ಮೇಲೆ ಹತ್ತಿದವಳೇ ಸಾಕ್ಸ್ ಎಳೆದುಕೊಂಡಳು.

ಕೊನೆಗೆ ಮೀನಿನವರ ಪುಟ್ಟ ದೋಣಿ ನಮ್ಮ ಕ್ರೂಸರನ್ನು ದಡಕ್ಕೆ ಎಳೆಯಿತು. ಅಮ್ಮನದು ದಾರಿಯುದ್ದಕ್ಕೂ ಒಂದೇ ಮಾತು — "ಕೆಟ್ಟ ಗಳಿಗೆಲಿ ಆಫ್ ಮಾಡಿದ್ಲು, ಅದಕ್ಕೇ ಕೆಟ್ಟೋಯ್ತು." ಅಣ್ಣ ನನ್ನ ಮುಖ ನೋಡಲಿಲ್ಲ.

14 ನವೆಂಬರ್, ಶುಕ್ರವಾರ. ಸಂಜೆ 6

ಬರೆಯಲು ಮನಸ್ಸೇ ಬಂದಿರಲಿಲ್ಲ. ಇವತ್ತು ಮಕ್ಕಳ ದಿನಾಚರಣೆ, ಗೋಣಿಚೀಲದ ಓಟ, ಧೂಳು. ಮಂಡಿ ಊದಿದೆ.

ಈಗ ಅಣ್ಣ ಬಂದ. ಬಾಗಿಲಲ್ಲೇ ನಿಂತ. "ಹಗ್ಗ ಬಿಡ್ಸಿದಾರೆ. ನಾಳೆ ಶೂಟ್ ಇಟ್ಕೊಂಡಿದೀವಿ. ಶನಿವಾರ ಸಂಜೆ ರಾಹುಕಾಲ ಇರಲ್ಲ. ಕೀ ಕೊಡು, ಇರೋದು ಅದೊಂದೇ."

ಅವನಿಗೆ ಅರ್ಥವಾದದ್ದು ಇಷ್ಟು. ಅವತ್ತು ಕಿತ್ತುಕೊಂಡ ಕೀ ಅಕ್ಕಿ ಡಬ್ಬದಲ್ಲಿತ್ತು. ನಾನು ಏಳಲಿಲ್ಲ.

"ಕೊಡಲ್ಲ ಅಣ್ಣ."

"ಏನಂದೆ?"

"ಕೊಡಲ್ಲ. ಬೇಕಾದ್ರೆ ಈ ಮನೆ ಕೀ ತೊಗೊ."

ಮನೆಯ ಕೀ ಅವನ ಮುಂದೆ ಹಿಡಿದೆ. ತುಂಬ ಹೆದರಿಕೆಯಾಯಿತು. ಅವನು ತೆಗೆದುಕೊಳ್ಳಲಿಲ್ಲ. ಕೆಳಗೂ ಹೋಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಇಲ್ಲಿಂದ ಬೆನ್ನು ಕಾಣುತ್ತದೆ.

ಯಶಶ್ರೀ ಮೇಲೆ ಬರುತ್ತಿದ್ದಾಳೆ. ಎಲ್ಲ ಕೇಳಿಸಿಕೊಂಡಿರಬೇಕು. ಅವನ ಪಕ್ಕ ಕೂತಳು. ಸಾಕ್ಸ್ ಬಿಚ್ಚುತ್ತಿದ್ದಾಳೆ...

"ಇಲ್ನೋಡಪ್ಪ. ಅವತ್ತು ಆ ಹಗ್ಗ—"

ಅಣ್ಣ ಅವಳ ಕಾಲನ್ನು ಮಡಿಲಿಗೆ ಎತ್ತಿಕೊಂಡು ಬರೆ ನೋಡುತ್ತಿದ್ದಾನೆ.