ಅಂಟು ಹಾಕದ ಫಿರಂಗಿಗಳು

ನಿಶಿ ಕಸಾಯಿ, ಟೋಕಿಯೋ
ನವೆಂಬರ್ ೨೦೨೦

ಶ್ರೀನಾಥರಿಗೆ,

ನಾನೂ ಕೃತಿಯೂ ಕ್ಷೇಮ. ಪ್ರತಿ ಫೋನಿನಲ್ಲೂ ನೀವು ಮೊದಲು ವಿಚಾರಿಸುವ ಬಿಸ್ಮಾರ್ಕ್ ಮಾತ್ರ ಕ್ಷೇಮವಾಗಿಲ್ಲ.

ಮಾರ್ಚಿನಲ್ಲಿ ನೀವು ಅಮ್ಮನ ಮನೆಗೆಂದು ಬೆಂಗಳೂರಿಗೆ ಹೋದಾಗಿನಿಂದ ಆ ಜರ್ಮನ್ ಯುದ್ಧನೌಕೆಯ ಮಾದರಿ ಊಟದ ಮೇಜಿನ ಮೇಲಿತ್ತು. ಮುಟ್ಟಬೇಡಿ ಎಂದಿರಿ, ನಾವು ನೆಲದ ಮೇಲೆ ಉಂಡೆವು. ಜಪಾನ್ ಗಡಿ ಮುಚ್ಚಿದೆ ಎಂದಿರಿ, ನಂಬಿದೆ. ಕಳೆದ ತಿಂಗಳು ಪಕ್ಕದ ಮನೆಯ ಶ್ರೀಹರ್ಷ ಮೈಸೂರಿನಿಂದ ವಾಪಸ್ಸು ಬಂದರು. "ಬಾರ್ಡರ್ ಓಪನ್ ಆಯ್ತಲ್ಲ, ಶ್ರೀನಾಥ್ ಯಾಕ್ ಬರ್ಲಿಲ್ಲ?" ಎಂದರು. ನಾನು ಕಾಫಿ ಕೊಟ್ಟೆ.

ನಿನ್ನೆ ಪೆಟ್ಟಿಗೆಗೆ ಇಳಿಸುವಾಗ ಹಡಗು ಮಗುಚಿತು. ಎಂಟು ದೊಡ್ಡ ಫಿರಂಗಿ ಹೊತ್ತ ನಾಲ್ಕು ಗೋಪುರಗಳೂ ಉದುರಿದವು. "ಪಪ್ಪಾ ಗ್ಲೂ ಹಾಕಿಲ್ವಾ?" ಎಂದಳು ಕೃತಿ. ಅಂಟು ಬೇಡ, ನಿಜವಾದ ಹಡಗಿನಲ್ಲೂ ಗೋಪುರಗಳನ್ನು ಬಿಗಿದಿರಲಿಲ್ಲ, ತಮ್ಮ ಭಾರಕ್ಕೇ ಕೂತಿದ್ದವು, ಮಗುಚಿದಾಗ ಕಳಚಿ ಬಿದ್ದವು ಎಂದು ನೀವೇ ಹೆಮ್ಮೆಯಿಂದ ಹೇಳಿದ್ದಿರಿ. ಅಂದು ಅದು ಹಡಗಿನ ಮಾತು ಎಂದುಕೊಂಡಿದ್ದೆ.

ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಕಳಿಸಲು ವಿಳಾಸ ಬರೆಯಿರಿ. ನಿಮ್ಮ ಅಮ್ಮನ ಮನೆಯದಲ್ಲ. ವಿಡಿಯೋದಲ್ಲಿ ನಿಮ್ಮ ಹಿಂದೆ ಕಿಟಕಿಯ ಹಸಿರು ಪರದೆ ಕಾಣುತ್ತದಲ್ಲ, ಆ ಮನೆಯದು.

ಇಂದಿನಿಂದ ಮೇಜಿನ ಮೇಲೆ ಉಣ್ಣುವ,
ವಸುಂಧರಾ