ಅಜ್ಜಿ ಎದ್ದರೆ ಆಟ ಮುಗೀತು

ಸೋಮವಾರ, ತಾರೀಕು ಹದಿನಾಲ್ಕು

ನನ್ನ ಮಗಳೇ,

ನೀನು ಚೆನ್ನಾಗಿದ್ದೀಯ ಅಂತ ತಿಳಿದುಕೊಂಡು ಮುಂದಕ್ಕೆ ಬರೆಯುತ್ತೇನೆ. ಇಲ್ಲದಿದ್ದರೂ ನೀನೇ ನರ್ಸು, ನಿನಗೆ ನಾನೇನು ಔಷಧಿ ಹೇಳಲಿ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಕೂಡಿಸಿಕೊಂಡು ಓದು. ನಾಲ್ಕನೇ ಕ್ಲಾಸಿನಿಂದಾಚೆಗೆ ನನಗೆ ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಫೋನು ಮಾಡಬಹುದಿತ್ತು. ಆದರೆ ಗೋಡೆಯ ಆಚೆಗೇ ನಿನ್ನ ಮಗನ ಕೋಣೆ, ನಾನು ಮೆಲ್ಲಗೆ ಮಾತಾಡಿದರೂ ಬೀದಿಗೆ ಕೇಳುತ್ತದೆ.

ಶನಿವಾರ ರಗ್ಬಿ ಆಟದಲ್ಲಿ ನಾವು ಸೋತೆವು. ನಮ್ಮ ಮೈದಾನದಲ್ಲೇ, ನಮ್ಮ ಜನರ ಎದುರಿಗೇ, ಒಂದೇ ಒಂದು ಅಂಕದಿಂದ. ಅವರದು ಹದಿನಾರು, ನಮ್ಮದು ಹದಿನೈದು. ಇಪ್ಪತ್ತು ಅಂಕದಿಂದ ಸೋತಿದ್ದರೆ ಊಟ ಮಾಡಿ ಮಲಗಿಬಿಡುತ್ತಿದ್ದೆ. ಒಂದು ಅಂಕ ಅನ್ನುವುದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ಎರಡು ದಿನದಿಂದ ನಾಲಿಗೆ ಅಲ್ಲಿಗೇ ಹೋಗುತ್ತಿದೆ.

ಆ ರೆಫ್ರಿ ಇದ್ದಾನಲ್ಲ, ವಾರವೆಲ್ಲ ಅಂಚೆ ಕಚೇರಿಯಲ್ಲಿ ತಲೆ ಬಗ್ಗಿಸಿ ಮುದ್ರೆ ಒತ್ತುವವನು. ಶನಿವಾರ ಬಾಯಿಗೆ ಸೀಟಿ ಬಂದರೆ ಸಾಕು, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಮ್ಮವರು ಉಸಿರು ಬಿಟ್ಟರೂ ತಪ್ಪು. ಅವರು ನಮ್ಮ ಹುಡುಗರ ಬೆನ್ನ ಮೇಲೆ ಬೂಟುಗಾಲಿಟ್ಟು ಹೋಗುವಾಗ ಮಾತ್ರ ಇವನ ಕಣ್ಣಿಗೆ ಧೂಳು ಬೀಳುತ್ತದೆ. ವಿರಾಮದಲ್ಲಿ ಟೀ ಕೊಡುವಾಗ ನಾನೇ ಕೇಳಿದೆ, "ಸಕ್ಕರೆ ಬೇಕೋ, ಕನ್ನಡಕ ಬೇಕೋ?" ಅಂತ. ಸಕ್ಕರೆ ಸಾಕು ಅಂದ.

ಇನ್ನು ಅವರ ಕಡೆ ಚೆಂಡು ಒದೆಯುವವನು ಯಾರು ಗೊತ್ತಾ? ಹಲ್ಲಿನ ಡಾಕ್ಟರು. ಹೋದ ವರ್ಷ ನನ್ನ ಎರಡು ದವಡೆ ಹಲ್ಲು ಕಿತ್ತು, ಏನೂ ನೋವಾಗಲಿಲ್ಲ ಅಲ್ವಾ ಅಂತ ತಾನೇ ಹೇಳಿಕೊಂಡವನು. ಶನಿವಾರ ಮೂರನೆಯದನ್ನೂ ಕಿತ್ತುಕೊಂಡು ಹೋದ.

ಹೋದ ಕಾಗದದಲ್ಲಿ ನೀನು ನಿನ್ನ ಮಗನ ಎಡ ಭುಜದ ವಿಷಯ ಬರೆದಿದ್ದೆ. ಆ ಕೀಲು ಇನ್ನೊಂದು ಸಲ ಜಾರಿದರೆ ಬಸ್ಸಿನ ಗ್ಯಾರೇಜಿನ ವೆಲ್ಡಿಂಗ್ ಕೆಲಸ ಹಾಗಿರಲಿ, ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುವುದಿಲ್ಲ ಅಂತ. ಅವನಿಗೆ ಓದಿ ಹೇಳಿದೆ. "ಅಮ್ಮಂಗೆ ಆಸ್ಪತ್ರೇಲಿ ಬರೀ ಮುರ್ಕೊಂಡೋರೇ ಸಿಗ್ತಾರೆ, ಅದಕ್ಕೆ ಹಂಗನ್ಸುತ್ತೆ" ಅಂದ. ಭುಜ ಚೆನ್ನಾಗಿದೆ. ನೀನು ಸುಮ್ಮನೆ ಹೆದರಬೇಡ.

ನೀನು ಊರು ಬಿಟ್ಟು ಆರು ವರ್ಷವಾಯಿತು. ಕ್ಲಬ್ಬಿನ ಪದ್ಧತಿ ಮರೆತಿರುತ್ತೀಯ. ನಮ್ಮ ಮೈದಾನದಲ್ಲಿ ಗಡಿಯಾರದ ಬೋರ್ಡು ಇಲ್ಲ, ಇರುವುದು ನಾನು. ಗೆರೆಯ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ನಿಮ್ಮಪ್ಪನ ಅಲಾರಂ ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಗಾಯಕ್ಕೆ ಆಟ ನಿಂತರೆ ರಟ್ಟಿನ ಮೇಲೆ ಗೆರೆ ಎಳೆದು ಆ ಹೊತ್ತನ್ನು ಬೇರೆ ಇಡುತ್ತೇನೆ. ಹೊತ್ತು ಪೂರಾ ಆದ ತಕ್ಷಣ ಎದ್ದು ನಿಲ್ಲುತ್ತೇನೆ. ಅಜ್ಜಿ ಎದ್ದರೆ ಆಟ ಮುಗೀತು ಅಂತ ಹುಡುಗರ ಮಾತು. ಹೊತ್ತು ಮುಗಿದ ಮೇಲೆ ಚೆಂಡು ಗೆರೆ ದಾಟಿ ಹೊರಗೆ ಬಿದ್ದರೆ ರೆಫ್ರಿ ಉದ್ದನೆಯ ಸೀಟಿ ಊದಲೇಬೇಕು. ಅದಕ್ಕೇ ಗೆಲ್ಲುತ್ತಿರುವ ಕಡೆಯವರು ಚೆಂಡನ್ನು ಹೊರಗೆ ಒದ್ದು ಮುಗಿಸುತ್ತಾರೆ. ಆಡುವಾಗ ನನ್ನ ಕಡೆ ನೋಡುವುದು ಕ್ಯಾಪ್ಟನ್ ಒಬ್ಬನೇ, ಈಗ ಅದು ನಿನ್ನ ಮಗ. ಮಿಕ್ಕವರು ಚೆಂಡು ನೋಡುತ್ತಾರೆ, ಕ್ಯಾಪ್ಟನ್ ಹೇಳಿದ್ದು ಮಾಡುತ್ತಾರೆ. ಹನ್ನೊಂದು ವರ್ಷದಿಂದ ನಾನು ಒಂದು ನಿಮಿಷ ಹಿಂದೆ ಮುಂದೆ ಎದ್ದವಳಲ್ಲ.

ಶನಿವಾರ ಎರಡು ನಿಮಿಷ ಮೊದಲೇ ಎದ್ದೆ.

ಮಂಡಿ ಹಿಡಿದುಕೊಂಡಿತ್ತು. ಒಂದೇ ಸಮನೆ ಕೂತಿದ್ದೆನಲ್ಲ, ಸ್ವಲ್ಪ ಸಡಿಲ ಮಾಡಿಕೊಳ್ಳೋಣ ಅಂತ ಎದ್ದೆ. ಅದೇ ಹೊತ್ತಿಗೆ ನಿನ್ನ ಮಗ ಈ ಕಡೆ ತಿರುಗಿದ. ನಮ್ಮದು ಹದಿನೈದು, ಅವರದು ಹದಿಮೂರು, ಚೆಂಡು ಇವನ ಕೈಯಲ್ಲಿ. ಒದ್ದ ನೋಡು, ಬೇಲಿ ದಾಟಿ ಸೈಕಲ್ ಶೆಡ್ಡಿನ ತಗಡಿನ ಮೇಲೆ ಬಿತ್ತು. ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವುದಕ್ಕೆ ಶುರು ಮಾಡಿದರು. ಮಿಕ್ಕವರು ಈ ಕಡೆ ತಿರುಗುವಷ್ಟರಲ್ಲಿ ನಾನು ಮತ್ತೆ ಕೂತಾಗಿತ್ತು. ರೆಫ್ರಿ ಸೀಟಿ ಊದಲಿಲ್ಲ. ಕೈಗಡಿಯಾರ ತೋರಿಸಿ, ಇನ್ನೂ ಹೊತ್ತಿದೆ, ಆಡಿ ಅಂದ. ಅವರು ಬೇರೆ ಚೆಂಡು ತಂದು ಒಳಗೆ ಎಸೆದರು, ಎಸೆದವರೇ ಓಡಿದರು. ನಮ್ಮ ಕಡೆ ಆಡುವ ಬೇಕರಿಯವನು ಗಾಬರಿಯಲ್ಲಿ ಅವರಲ್ಲೊಬ್ಬನ ಕುತ್ತಿಗೆಗೇ ತೋಳು ಹಾಕಿ ಕೆಡವಿದ. ಕುತ್ತಿಗೆ ಹಿಡಿಯುವ ಹಾಗಿಲ್ಲ, ದಂಡಕ್ಕೆ ಅವರಿಗೆ ಒಂದು ಒದೆತ. ಡಾಕ್ಟರು ಕಂಬಗಳ ನಡುವೆ ಒದ್ದ, ಮೂರು ಅಂಕ. ಈಗ ರೆಫ್ರಿ ಊದಿದ. ಎಷ್ಟು ಉದ್ದ ಊದಿದ ಅಂತೀಯ, ಅವನ ಉಸಿರು ಕಟ್ಟಬಾರದಿತ್ತೇ ಅನ್ನಿಸಿತು.

ಆಮೇಲೆ ಕ್ಲಬ್ಬಿನ ಶೆಡ್ಡಿನಲ್ಲಿ ಸೆಕ್ರೆಟರಿ ಬಾಯಿ ಬಿಟ್ಟ. ಕ್ಷೌರದ ಅಂಗಡಿಯವನು ಅವನೇ, ಕತ್ತರಿಗಿಂತ ನಾಲಿಗೆ ಚುರುಕು.

"ಏನಪ್ಪಾ ಕ್ಯಾಪ್ಟನ್ನು, ಗೆದ್ದಿದ್ದನ್ನ ತಟ್ಟೇಲಿಟ್ಟು ಕೊಟ್ಟೆಯಲ್ಲ. ಅಜ್ಜಿ ಅಲ್ಲಿ ಬಂಡೆ ಥರ ಕೂತಿರ್ತಾರೆ, ಒಂದ್ಸಲ ನೋಡೋಕೇನು?"

ನನ್ನ ಕೈಯಲ್ಲಿ ಟೀ ಲೋಟಗಳಿದ್ದವು. ನಿನ್ನ ಮಗ ನನ್ನ ಕಡೆ ನೋಡಲೇ ಇಲ್ಲ. ಬೂಟಿನ ಮಣ್ಣು ಕೆರೆಯುತ್ತಾ ಹೇಳಿದ, "ಎದ್ರು ಅನ್ಕೊಂಡೆ. ಎದ್ದಿರಲಿಲ್ಲ. ತಪ್ಪು ನಂದೇ." ಬೇಕರಿಯವನು ಉಗುರು ಕಚ್ಚುತ್ತಾ ಕೂತಿದ್ದ. ನಾನು ಲೋಟ ತೊಳೆದೆ. ನಮ್ಮತ್ತೆಗೆ ಬದುಕಿರುವವರೆಗೂ ನನ್ನ ಬಾಯಿಗೆ ಬೀಗ ಹಾಕಲು ಆಗಲಿಲ್ಲ. ಅವತ್ತು ನಾನೇ ಹಾಕಿಕೊಂಡೆ.

ಮನೆಗೆ ಬರುವಾಗ ಕುರ್ಚಿ ಅವನೇ ಹೊತ್ತ. "ಮಂಡಿ ಹಿಡ್ಕೊಂಡಿತ್ತು ಕಣೋ" ಅಂದೆ. "ಇರ್ಲಿ ಬಿಡಜ್ಜಿ" ಅಂದ. ಅಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಅಲಾರಂ ಗಡಿಯಾರದ ಪಕ್ಕದಲ್ಲಿ ನೋವಿನ ಮುಲಾಮಿನ ಟ್ಯೂಬು ಇಟ್ಟು ಹೋಗಿದ್ದಾನೆ, ನನ್ನ ಮಂಡಿಗೆ. ತೆಗೆದುಕೊಂಡು ಹಚ್ಚಿಕೊಂಡೆ.

ಬುಧವಾರ ಸಂಜೆ ಕ್ಲಬ್ಬಿನಲ್ಲಿ ಸಭೆ ಇದೆ. ಇವನನ್ನು ಕ್ಯಾಪ್ಟನ್ ಸ್ಥಾನದಿಂದ ಇಳಿಸುವುದಕ್ಕೆ. ಇಳಿಸಿ ಕೂರಿಸುವುದು ಯಾರನ್ನು ಕೇಳು, ಬೇಕರಿಯವನನ್ನು. ಕುತ್ತಿಗೆ ಹಿಡಿದವನನ್ನೇ. ಇವನಪ್ಪ ಹೋದ ಮೇಲೆ ಎರಡು ವರ್ಷ ಈ ಮನೆಯಲ್ಲಿ ಉಪ್ಪು ಬೇಕು ನೀರು ಬೇಕು ಅನ್ನುವುದು ಬಿಟ್ಟು ಬೇರೆ ಮಾತಾಡದ ಹುಡುಗ ಇವನು. ಆ ಮೈದಾನದಲ್ಲಿ ಹದಿನಾಲ್ಕು ಜನರಿಗೆ ಕೂಗಿ ಹೇಳುವುದನ್ನು ಕಲಿತ. ಹನ್ನೊಂದು ಜನ ಬರುತ್ತಿದ್ದ ಕ್ಲಬ್ಬಿಗೆ ಶುಕ್ರವಾರ ಶುಕ್ರವಾರ ಮನೆ ಬಾಗಿಲು ತಟ್ಟಿ ಇಪ್ಪತ್ತೆರಡು ಜನರನ್ನು ತಂದ. ಅದನ್ನು ಕಿತ್ತುಕೊಂಡರೆ ಮತ್ತೆ ಉಪ್ಪು, ನೀರು.

ಬುಧವಾರ ನಾನು ಹೋಗುತ್ತೇನೆ. ಎಲ್ಲರ ಎದುರಿಗೆ ಹೇಳುತ್ತೇನೆ, ಎದ್ದವಳು ನಾನು, ಹಾಳು ಮಂಡಿಯ ದೆಸೆಯಿಂದ ಎದ್ದೆ, ಹುಡುಗ ನೋಡಿದ್ದು ಸರಿಯಾಗಿಯೇ ಇತ್ತು ಅಂತ. ಮಂಡಿ ಹಿಡಿದುಕೊಳ್ಳುವ ಮುದುಕಿಯ ಕೈಗೆ ಮತ್ತೆ ಗಡಿಯಾರ ಕೊಡುವುದಿಲ್ಲ. ಕೊಡದೇ ಇರಲಿ. ಹನ್ನೊಂದು ವರ್ಷ ಬಿಸಿಲಲ್ಲಿ ಕೂತದ್ದು ಸಾಕು ಅಂದುಕೊಳ್ಳುತ್ತೇನೆ. ಅಂದುಕೊಳ್ಳುವುದಕ್ಕೆ ಕಷ್ಟವಾಗುತ್ತಿದೆ, ಅದು ಬೇರೆ ಮಾತು.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಪಾಳಿ ಮುಗಿಸಿ ಬಂದು ಬರೀ ಟೀ ಕುಡಿದು ಮಲಗಬೇಡ.

ಇಂತಿ,
ನಿನ್ನ ಬಾಯಿಬಡುಕಿ ತಾಯಿ

ಮರೆತದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗೂ ಸುಳ್ಳು ಹೇಳಿದರೆ ಇನ್ನು ಯಾರಿಗೆ ನಿಜ ಹೇಳಲಿ. ನನ್ನ ಮಂಡಿಗೆ ಏನೂ ಆಗಿಲ್ಲ. ನಾನು ಏಳುವ ಸ್ವಲ್ಪ ಮುಂಚೆ ಅವರ ದಪ್ಪನೆಯವನು ಬಂದು ನಿನ್ನ ಮಗನಿಗೆ ಗುದ್ದಿದ. ಇವನು ಎದ್ದ, ಆದರೆ ಎಡಗೈ ಅವನ ಜೊತೆ ಏಳಲಿಲ್ಲ, ಒಣಗಲು ಹಾಕಿದ ಅಂಗಿಯ ತೋಳಿನ ಹಾಗೆ ನೇತಾಡುತ್ತಿತ್ತು. ನಿನ್ನ ಕಾಗದ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಗಡಿಯಾರ ನೋಡಿದೆ, ಇನ್ನೂ ಎರಡು ನಿಮಿಷ. ನೋಡಿಯೇ ಎದ್ದೆ, ಆಟ ಅಲ್ಲಿಗೇ ಮುಗಿಯಲಿ ಅಂತ. ಇದನ್ನು ಬುಧವಾರ ಹೇಳುವ ಹಾಗಿಲ್ಲ. ಹೇಳಿದರೆ ಭುಜದ ವಿಷಯ ಹೊರಗೆ ಬೀಳುತ್ತದೆ, ಕ್ಯಾಪ್ಟನ್ ಇರಲಿ, ಆಟಕ್ಕೇ ಸೇರಿಸುವುದಿಲ್ಲ. ಅದಕ್ಕೇ ಮಂಡಿ. ನೀನು ಎರಡು ದಿನ ರಜೆ ಹಾಕಿ ಬಾ, ನೀನೇ ಕೈ ಹಿಡಿದು ನೋಡು. ನನ್ನ ಕೈಗೆ ಅವನು ಸಿಗುತ್ತಿಲ್ಲ. ಅವನು ತಂದಿಟ್ಟ ಮುಲಾಮಿನ ಟ್ಯೂಬು ಆಗಲೇ ಅರ್ಧ ಖಾಲಿಯಾಗಿತ್ತು, ಇವತ್ತು ಒಗೆಯಲು ತೆಗೆದುಕೊಂಡ ಅವನ ಅಂಗಿಯ ಎಡ ಭುಜದಲ್ಲಿ ಅದೇ ವಾಸನೆ. ಮನೆಯಲ್ಲಿರುವುದು ಒಂದೇ ಟ್ಯೂಬು. ಅವನು ಭುಜಕ್ಕೆ ಹಚ್ಚಿಕೊಳ್ಳುತ್ತಾನೆ, ನಾನು ನೋಡದ ಹಾಗೆ. ನಾನು ಮಂಡಿಗೆ ಹಚ್ಚಿಕೊಳ್ಳುತ್ತೇನೆ, ಅವನು ನೋಡುವ ಹಾಗೆ.